ಕಲಿತ ಮೇಲೆ ಕೋತಿವಿದ್ಯೆ

‘ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಎಂಬ ಗಾದೆಯನ್ನು ಸಾಮಾನ್ಯವಾಗಿ ಹೊಸಬರಿಗೆ ಧೈರ್ಯ ತುಂಬಲು ಹೇಳುವುದುಂಟು. ಇಂದು ಕಠಿಣವೆನಿಸಿದ್ದು ನಾಳೆ ಸಲೀಸಾದೀತು ಎಂಬುದು ಅದರ ಮೇಲರ್ಥ. ಆದರೆ ಗಾದೆಯ ಉತ್ತರಾರ್ಧವು ಕಲಿಸುವವರಿಗೆ ಕೊಟ್ಟ ಎಚ್ಚರಿಕೆಯೂ ಹೌದು. ವಿದ್ಯೆ ಕೈವಶವಾದಂತೆಲ್ಲ ಅದಕ್ಕಾಗಿ ಪಟ್ಟ ಪಾಡು ಮರೆತುಹೋಗುತ್ತದೆ; ಮರೆತವರು ಎದುರಿಗಿರುವ ಮಗುವಿನ ತಡವರಿಕೆಯನ್ನು ದಡ್ಡತನವೆಂದು ಬಗೆಯುತ್ತಾರೆ.

ಈ ಮರೆವಿಗೆ ಮದ್ದು ಹುಡುಕುವ ಶಾಸ್ತ್ರವೇ ಬೋಧನಾ ವಿನ್ಯಾಸ, ಅಂದರೆ ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ, ಮುಂದೇನು ಬರಬೇಕು, ನಡುವಿನ ಹಂತಗಳಾವುವು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಪಾಠವನ್ನು ಕಟ್ಟುವ ವಿದ್ಯೆ. ಅಮೆರಿಕದ ರಾಬರ್ಟ್ ಗಾನ್ಯೆ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಗಟ್ಟಿ ಬುನಾದಿ ಹಾಕಿದರು. 1988ರಲ್ಲಿ ಆಸ್ಟ್ರೇಲಿಯಾದ ಜಾನ್ ಸ್ವೆಲರ್ ‘ಅರಿವಿನ ಹೊರೆ’ಯ ಸಿದ್ಧಾಂತವನ್ನು, ಎಂದರೆ ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲ ಹೊಸ ಸಂಗತಿಗಳು ಬಹಳ ಕಡಿಮೆಯೆಂಬ ವಿಚಾರವನ್ನು, ಮುಂದಿಟ್ಟರು.

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ, ಗೊರೆಹಬ್ಬಕ್ಕೆ ಹೆಸರಾದ ಗುಮಟಾಪುರದಂಥ ಊರುಗಳಲ್ಲಿ, ಈ ವಿಚಾರ ದಿನನಿತ್ಯದ ಪ್ರಶ್ನೆಯಾಗಿದೆ. ಅಲ್ಲಿನ ಮನೆಮಾತು ಕನ್ನಡ. ತಮಿಳುನಾಡು 2006ರಲ್ಲಿ ಮಾಡಿದ ಕಾಯ್ದೆಯಿಂದಾಗಿ ಶಾಲೆಯಲ್ಲಿ ತಮಿಳು ಕಡ್ಡಾಯ. ಕನ್ನಡ ಲಿಪಿಯ ಕ, ಖ, ಗ, ಘ ಎಂಬ ನಾಲ್ಕಕ್ಕೂ ತಮಿಳು ಲಿಪಿಯಲ್ಲಿರುವುದು ಒಂದೇ ಅಕ್ಷರ. ಪದದ ಮೊದಲಲ್ಲಿ ಬಂದರೆ ಸಾಮಾನ್ಯವಾಗಿ ‘ಕ’ ಎಂದೂ ಅನುನಾಸಿಕದ ನಂತರ ಬಂದರೆ ‘ಗ’ ಎಂದೂ ಅದನ್ನು ಓದಬೇಕು. ತಮಿಳಿನಲ್ಲೇ ಬೆಳೆದವರಿಗೆ ಇದೊಂದು ನಿಯಮವೆಂದೇ ತೋರುವುದಿಲ್ಲ, ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕೆಂಬುದೂ ಹೊಳೆಯುವುದಿಲ್ಲ. ಬರೆದಂತೆ ಓದುವುದನ್ನು ರೂಢಿಸಿಕೊಂಡ ಕನ್ನಡದ ಮಗುವಾದರೋ ಅಕ್ಷರ, ಅದರ ಸ್ಥಾನ, ಪದದ ಅರ್ಥ ಮೂರನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ವಿನ್ಯಾಸ ಬಲ್ಲ ಶಿಕ್ಷಕರು ಮಗುವಿಗೆ ಅರ್ಥ ಗೊತ್ತಿರುವ ಪದಗಳನ್ನೇ ಆರಿಸಿ, ಮೊದಲು ‘ಕ’ದಿಂದ ಆರಂಭವಾಗುವವನ್ನು ಮಾತ್ರ ಓದಿಸಿ, ಆಮೇಲೆ ಅನುನಾಸಿಕದ ಪದಗಳಿಗೆ ಸಾಗುತ್ತಾರೆ.

ಹತ್ತಾರು ವರ್ಷ ಪಾಠ ಹೇಳಿದ ಮೇಲೆ ಈ ಶಾಸ್ತ್ರವನ್ನು ಓದಲು ಮತ್ತೆ ವಿದ್ಯಾರ್ಥಿಗಳಾಗುವವರ ಸ್ಥಿತಿಯೂ ಆ ಮಗುವಿನದೇ. ಪರಿಭಾಷೆ ಅಪರಿಚಿತ, ಗ್ರಂಥಗಳು ಬಹುಪಾಲು ಇಂಗ್ಲಿಷಿನವು, ಪ್ರಬಂಧ ಬರೆಯುವ ಕೈ ಬಿಗಿದುಹೋಗಿರುತ್ತದೆ. ಇದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡುವವರೇ ಹೆಚ್ಚು. ಆದರೆ ಅನುಭವ ಅಳಿಸಿಹಾಕಿದ್ದ ಕಲಿಕೆಯ ಕಷ್ಟವು ಅವರಿಗೆ ಮರಳಿ ಸಿಗುವುದು ಇಲ್ಲಿಯೇ, ಅದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಎಲ್ಲಿ ಎಡವಿದೆವು, ಯಾವ ಉದಾಹರಣೆಯಿಂದ ದಾರಿ ತೆರೆಯಿತು ಎಂಬುದನ್ನು ಅವರು ಆಗಿಂದಾಗ ಬರೆದಿಡಬೇಕು.

ಆದರೆ ಬೆಟ್ಟಸೀಮೆಯ ಶಿಕ್ಷಕರಿಗೆ ಹೀಗೆ ಮತ್ತೆ ಓದಲು ಹೋಗುವುದೇ ಕಷ್ಟ: ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿನ 27 ತಿರುವುಗಳನ್ನು ದಾಟಬೇಕು. ಹತ್ತಿರದ ಚಾಮರಾಜನಗರ ಇನ್ನೊಂದು ರಾಜ್ಯದ್ದು. ಇಂಥ ಗಡಿಸೀಮೆಯ ಶಿಕ್ಷಕರಿಗೆ ಸಂಬಳಸಹಿತ ಅಧ್ಯಯನ ರಜೆಯನ್ನೂ, ತಾಳವಾಡಿಯಲ್ಲಿಯೇ ಕನ್ನಡದಲ್ಲಿ ನಡೆಯುವ ಸಂಪರ್ಕ ತರಗತಿಗಳನ್ನೂ ಎರಡು ಸರ್ಕಾರಗಳು ಕೂಡಿ ಒದಗಿಸಬೇಕು.