ಯಾರ ಕಣ್ಣಿಗೆ ಯಾರ ಅಪ್ಪಣೆ?

ಬೆಂಗಳೂರಿನಲ್ಲಿ ನಾವಿರುವ ಬೀದಿ ದೊಡ್ಡ ರಸ್ತೆಯನ್ನು ಕೂಡುವ ಮೂಲೆಯಲ್ಲಿ, ನಮ್ಮ ಪಕ್ಕಕ್ಕೇ, ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಮನೆಯಿದೆ. 2014ರ ಒಂದು ಸಂಜೆ ಅವರು ಕೈಯಲ್ಲೊಂದು ಟೈಪು ಮಾಡಿದ ಕಾಗದ ಹಿಡಿದು ಬಂದರು. ಅವರ ಮಹಡಿಯ ಮೇಲೆ ಜಾಹೀರಾತಿನ ಫಲಕ ನಿಲ್ಲಿಸಲು ಯಾವುದೋ ಕಂಪನಿ ಮುಂದೆ ಬಂದಿತ್ತು. ಪಾಲಿಕೆಗೆ ಹಾಕುವ ಅರ್ಜಿಯ ಜೊತೆಗೆ ನೆರೆಯವರ ಒಪ್ಪಿಗೆಯೂ ಒಂದಿದ್ದರೆ ಒಳ್ಳೆಯದೆಂದು ಕಂಪನಿಯ ಹುಡುಗ ಹೇಳಿದ್ದನಂತೆ. "ಒಂದು ರುಜು ಹಾಕಿಬಿಡಿ, ರಾಯರೇ" ಎಂದರು. ಅವರ ಮನೆಯವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಾಗಿತ್ತು. ಪಿಂಚಣಿ ಸಾಲದೆಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ರುಜು ಹಾಕಿದೆ. ಹಾಕದಿರುವುದು ನನ್ನಿಂದಾಗುತ್ತಿರಲಿಲ್ಲ. ಆದರೆ ಅವರು ಮೆಟ್ಟಿಲಿಳಿದು ಹೋದ ಮೇಲೆ ಒಂದು ಸಂದೇಹ ತಲೆಯೆತ್ತಿತು: ನಾನು ಕೊಟ್ಟದ್ದಾದರೂ ಏನು? ಕೊಡುವುದಕ್ಕೆ ಅದು ನನ್ನದಾಗಿತ್ತೆ?

ಅಪ್ಪಣೆಯಿಲ್ಲದೆ ಫಲಕ ನಿಲ್ಲಿಸಕೂಡದೆಂಬುದೇನೋ ನಿಜ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಲ್ಲಿಯೇ ಒಂದು ಕಾನೂನು ಬಂದಿತು; ಜಾಹೀರಾತು ಹಾಕುವವರು ಸ್ಥಳೀಯ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆಯಬೇಕೆಂದು ಅದು ಹೇಳುತ್ತದೆ. ಮೇಷ್ಟ್ರು ಜೋಡಿಸಿಕೊಂಡಿದ್ದ ಕಾಗದಗಳನ್ನು ನಾನೂ ತಿರುವಿಹಾಕಿದೆ. ಮನೆ ಅವರದೆನ್ನುವುದಕ್ಕೆ ಒಂದು ಪತ್ರ, ಫಲಕದ ನಕ್ಷೆ ಒಂದು, ಕಟ್ಟಡ ಆ ಭಾರ ತಾಳೀತೆಂಬ ಎಂಜಿನಿಯರ ಮಾತು, ಶುಲ್ಕದ ರಸೀತಿ. ಎಲ್ಲವೂ ಜಾಗವುಳ್ಳವರ, ಹಣವುಳ್ಳವರ ಕಾಗದಗಳೇ. ದಿನವೂ ಆ ರಸ್ತೆಯಲ್ಲಿ ಹೋಗುವವನ, ಅದನ್ನು ನೋಡಲೇಬೇಕಾದವನ ಕಾಗದ ಯಾವುದೂ ಅಲ್ಲಿರಲಿಲ್ಲ.

ಇಂಗ್ಲೆಂಡಿನವರು ಈ ವಿಷಯವನ್ನು ಬಹಳ ಹಿಂದಿನಿಂದ ಯೋಚಿಸಿದವರು. ಅಲ್ಲಿ 2007ರ ನಿಯಮಗಳ ಪ್ರಕಾರ ಸ್ಥಳೀಯ ಯೋಜನಾ ಪ್ರಾಧಿಕಾರ ಎರಡನ್ನು ಮಾತ್ರ ವಿಚಾರಿಸಬಹುದು: ಸುತ್ತಣ ನೋಟಕ್ಕೆ ಕುಂದು ಬರುತ್ತದೆಯೆ, ಜನರಿಗೆ ಅಪಾಯವುಂಟೆ. ಫಲಕದ ಮೇಲೆ ಬರೆದದ್ದರ ಗೊಡವೆ ಆ ಅಧಿಕಾರಿಗಿಲ್ಲ; ಆ ಸರಕು ಲೋಕಕ್ಕೆ ಬೇಕೆ ಬೇಡವೆ ಎಂದು ಅವನು ಕೇಳುವಂತಿಲ್ಲ. ಇದು ನುಣುಚಿಕೊಳ್ಳುವ ಉಪಾಯವೆಂದು ನನಗೆ ಮೊದಲು ತೋರಿತು. ಆಮೇಲೆ ವಿವೇಕವೆಂದೇ ಅನ್ನಿಸಿತು. ಗುಮಾಸ್ತೆಯ ಕೈಗೆ ಮಾತಿನ ಮೇಲೂ ಅಧಿಕಾರ ಕೊಟ್ಟರೆ, ಇಂದು ಸೋಪಿನ ಜಾಹೀರಾತು ಬೇಡವೆಂದವನು ನಾಳೆ ಯಾವುದೋ ಸಭೆಯ ಭಿತ್ತಿಪತ್ರವನ್ನೂ ಬೇಡವೆಂದಾನು. ಮಾತನ್ನು ಬಿಟ್ಟು ನೋಟವನ್ನು ಹಿಡಿದುದರಲ್ಲಿ ದೊಡ್ಡದೊಂದು ಒಪ್ಪಿಗೆಯೂ ಅಡಗಿದೆ. ಬೀದಿಯ ನೋಟ ಮನೆಯೊಡೆಯನೊಬ್ಬನ ಸೊತ್ತಲ್ಲ, ನಡೆಯುವವರಿಗೆಲ್ಲ ಅದರಲ್ಲಿ ಹಕ್ಕಿದೆ ಎಂಬ ಒಪ್ಪಿಗೆ.

ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಒಂದು ಜಾಗದಲ್ಲಿ ಅನುಮತಿಯಿಲ್ಲದೆಯೇ ಹತ್ತು ವರ್ಷ ಜಾಹೀರಾತು ನಿಂತಿದ್ದರೆ, ಕೆಲವು ಷರತ್ತುಗಳ ಮೇಲೆ, ಸಮ್ಮತಿ ಇದೆಯೆಂದೇ ಭಾವಿಸತಕ್ಕದ್ದು. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮಲ್ಲಿ ಮದುವೆಯ ಮಾತುಕತೆಯಲ್ಲಿ ಹೇಳುತ್ತಿದ್ದರು. ಮಾತನಾಡಲು ಸಂಕೋಚಪಡುವ ಹುಡುಗಿಯ ಮೌನಕ್ಕೂ ಬಸ್ಸು ಹಿಡಿಯುವ ಅವಸರದಲ್ಲಿರುವವನ ಮೌನಕ್ಕೂ ಒಂದೇ ಅರ್ಥ ಹೇಳಬಹುದೆ?

ಮೇಷ್ಟ್ರಿಗೆ ಬಾಡಿಗೆ ಬಂದದ್ದು ಯಾವುದಕ್ಕೆಂದು ನೋಡೋಣ. ಮಹಡಿಗೆ ಎಂದು ಕರಾರುಪತ್ರ ಹೇಳುತ್ತದೆ. ಅಷ್ಟೇ ಅಗಲದ ಮಹಡಿ ಒಂದೇ ಮನೆ ಒಳಗಿರುವ ನನಗೂ ಇದೆ. ಅದಕ್ಕೆ ಮೂರು ಕಾಸು ಕೊಡುವವರಿಲ್ಲ. ಕಂಪನಿಯ ಹುಡುಗ ಬಂದು ಲೆಕ್ಕ ಹಾಕಿದ್ದು ಗಾರೆಗಚ್ಚನ್ನಲ್ಲ. ಎದುರಿನ ಸಿಗ್ನಲಿನಲ್ಲಿ ವಾಹನಗಳು ಎಷ್ಟು ಹೊತ್ತು ನಿಲ್ಲುತ್ತವೆ, ಎಷ್ಟು ತಲೆಗಳು ಮೇಲೇಳುತ್ತವೆ ಎಂಬುದನ್ನು. ಬಿಕರಿಯಾದದ್ದು ದಾರಿಹೋಕರ ನೋಟ. ಬಾಡಿಗೆ ಮಾತ್ರ ಮೇಷ್ಟ್ರಿಗೆ. ಪಾಲಿಕೆ ತೆಗೆದುಕೊಳ್ಳುವ ಹಣವೇ ನಮ್ಮ ಪಾಲು ಎನ್ನಬಹುದು. ಅದೂ ಕುಗ್ಗಿದೆ: 2017ರಲ್ಲಿ ಜಿ.ಎಸ್.ಟಿ. ಬಂದಾಗ ಜಾಹೀರಾತಿನ ಮೇಲಣ ತೆರಿಗೆ ಸಂವಿಧಾನದ ರಾಜ್ಯಪಟ್ಟಿಯಿಂದಲೇ ಬಿಟ್ಟುಹೋಗಿ, ಪಾಲಿಕೆಗಳಿಗೆ ಶುಲ್ಕವಷ್ಟೇ ಉಳಿಯಿತು.

ಇಷ್ಟು ಹೇಳಿದರೆ ಕೆಲವರು ನಗುತ್ತಾರೆ. ಶೆಟ್ಟರ ಅಂಗಡಿಯ ಬೋರ್ಡು ನಿಮ್ಮ ಅಪ್ಪಣೆ ಕೇಳಿತ್ತೆ? ಬೆಳಗ್ಗೆ ಸೊಪ್ಪು ಮಾರುವಾಕೆಯ ಕೂಗು ಕೇಳಿತ್ತೆ? ಕೇಳಿರಲಿಲ್ಲ. ಆದರೆ ಶೆಟ್ಟರ ಬೋರ್ಡಿನ ಕೆಳಗೆ ಶೆಟ್ಟರಿದ್ದಾರೆ. ಸೊಪ್ಪಿನ ಕೂಗಿನ ಹಿಂದೆ ಬುಟ್ಟಿಯಿದೆ. ಹುಡುಕುವವನಿಗೆ ಅವು ದಾರಿ. ಈ ಪತ್ರಿಕೆಯಲ್ಲಿಯೂ ಜಾಹೀರಾತುಗಳುಂಟು, ಅವಿಲ್ಲದಿದ್ದರೆ ವಾಚಕರು ಇಷ್ಟು ಅಗ್ಗವಾಗಿ ಇದನ್ನು ಓದುತ್ತಲೂ ಇರಲಿಲ್ಲ. ಆದರೆ ಬೇಡವಾದರೆ ಪುಟ ಮಗುಚಬಹುದು. ರಸ್ತೆಯ ಪುಟ ಮಗುಚುವುದು ಹೇಗೆ? ಕಣ್ಣು ಮುಚ್ಚಿ ನಡೆಯುವಂತಿಲ್ಲ. ತಪ್ಪಿಸಿಕೊಳ್ಳಲಾರಿರಿ ಎಂಬುದೇ ಆ ಜಾಗದ ಬೆಲೆ.

ಫಲಕ ಎದ್ದಿತು. ನಮ್ಮ ಅಡಿಗೆಮನೆಯ ಕಿಟಕಿಗೆ ಅದರ ಬೆನ್ನು ಬಂತು, ರಾತ್ರಿಯೆಲ್ಲ ದೀಪದ ಬೆಳಕು ಬಂತು. ಮೇಷ್ಟ್ರ ಮನೆಯವರು ಇನ್ನು ಮೂರು ವರ್ಷ ಬದುಕಿದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧೈರ್ಯ ನನಗಿಲ್ಲ. 2018ರ ಆಗಸ್ಟಿನಲ್ಲಿ ಹೈಕೋರ್ಟು ಕಟುವಾಗಿ ಹೇಳಿದ ಮೇಲೆ ಪಾಲಿಕೆ ಊರಿನ ಫ್ಲೆಕ್ಸುಗಳನ್ನು ಕಿತ್ತುಹಾಕಿ, ಹೊರಾಂಗಣ ಜಾಹೀರಾತನ್ನು ವರ್ಷದ ಮಟ್ಟಿಗೆ ನಿಷೇಧಿಸಿತು. ಕಂಪನಿಯವರು ಬಟ್ಟೆ ಬಿಚ್ಚಿಕೊಂಡು ಹೋದರು; ಕಬ್ಬಿಣದ ಚೌಕಟ್ಟನ್ನು ಕೈಬಿಟ್ಟರು. ಅದರ ಮೇಲೆ ಮೇಷ್ಟ್ರು ಹೀರೇಬಳ್ಳಿ ಹಬ್ಬಿಸಿದರು.

2024ರ ಮೇ 13ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ಬಿರುಗಾಳಿಗೆ ಒಂದು ಫಲಕ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಸತ್ತರು. ಅದರ ಅಳತೆ 120 ಅಡಿಗೆ 120 ಅಡಿ. ಅಲ್ಲಿನ ಪಾಲಿಕೆಯ ಮಿತಿ 40 ಅಡಿಗೆ 40. ನೆಲ ರೈಲ್ವೆ ಪೊಲೀಸರ ವಶದಲ್ಲಿತ್ತು, ಅಪ್ಪಣೆಯನ್ನು ಕೊಟ್ಟದ್ದು ಅವರು. ತನ್ನ ಅನುಮತಿ ಪಡೆದಿರಲಿಲ್ಲವೆಂದು ಪಾಲಿಕೆ ಹೇಳಿತು. ಯಾರ ಅಪ್ಪಣೆ ಬೇಕಿತ್ತೆಂಬ ತಕರಾರು ಕಾಗದದಲ್ಲಿ ನಡೆಯುತ್ತಿರುವಾಗ, ಮಳೆಗೆ ಬಂಕಿನ ಆಸರೆಯಲ್ಲಿ ನಿಂತವರಿಗೆ ಅದರ ಸುಳಿವೂ ಇರಲಿಲ್ಲ.

ಆ ವಾರವೇ ಮೇಷ್ಟ್ರು ಮಹಡಿಯ ಮೇಲೆ ನಿಂತು ಚೌಕಟ್ಟಿನ ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ತುಕ್ಕು ಪುಡಿಯಾಗಿ ಕೈಗೆ ಬರುತ್ತಿತ್ತು. ನನ್ನನ್ನು ಕಂಡು, "ಆ ಕಾಗದದಲ್ಲಿ ನಿಮ್ಮ ರುಜುವೂ ಇತ್ತಲ್ಲವೆ, ರಾಯರೇ?" ಎಂದರು. ಇತ್ತೆಂದೆ. ಮರುದಿನ ವೆಲ್ಡರನನ್ನು ಕರೆಸಿ, ಬಳ್ಳಿ ಸಮೇತ ಎಲ್ಲವನ್ನೂ ಇಳಿಸಿಬಿಟ್ಟರು. ಗುಜರಿಯವನು ಕೊಟ್ಟ ನೋಟುಗಳನ್ನು ಗೇಟಿನ ಬಳಿ ನಿಂತು ಎಣಿಸುತ್ತ, "ಇದರಲ್ಲಿ ನಿಮ್ಮ ಪಾಲು ಎಷ್ಟಾಗುತ್ತದೆ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ಲೆಕ್ಕಕ್ಕೆ ಕೇಳಿದರೋ, ಆ ಮುಖ ನೋಡಿ ನನಗೆ ಹೇಳಲಾಗಲಿಲ್ಲ.