ಕೋವಿಯೂ ನೆನಪೂ

ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವರು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆ ನಿಷಿದ್ಧವಾಯಿತು, ಕೋವಿ ಉಳಿಯಿತು. ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು.

ಹಾಗಾದರೆ ಈಗ ಪೂಜೆಗೊಳ್ಳುವುದು ಯಾವುದು? ಹಿರಿಯರ ಸ್ಮರಣೆಯೇ ಹೊರತು ಹಿಂಸೆಯಲ್ಲವೆಂಬ ಸಮಾಧಾನವು ಸುಲಭವಾದುದು, ಪೂರ್ಣವಾದುದಲ್ಲ. ಅಜ್ಜನ ಅಂಗೈಯಿಂದ ನುಣುಪಾದ ಹಿಡಿಯನ್ನು ಮೊಮ್ಮಗನು ಪ್ರೀತಿಯಿಂದ ಒರಸುತ್ತಾನೆ; ಆದರೆ ಅವನು ಕೇಳಿ ಬೆಳೆದ ಕಥೆಗಳು ಗುರಿ ತಪ್ಪದ ಗುಂಡಿನವು. ಕಥೆಯನ್ನು ತನ್ನದೆಂದವನು ಅದರೊಳಗೆ ಬಿದ್ದ ಕಡವೆಯನ್ನೂ ತನ್ನದೆನ್ನಬೇಡವೆ? ಕೆಲವು ಮನೆಗಳಲ್ಲಿ ಆ ಕೋವಿಯನ್ನು ತೂಗುಹಾಕಿರುವುದು ಕಡವೆಯ ಕೊಂಬಿಗೇ.