ಸಂಚಾರಿಯ ಪರಿಗ್ರಹ ಪರಿಮಾಣ: ಒಂದು ವಿಚಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವನ್ನು ಕೊನೆಯಲ್ಲಿ ಹೇಳುವುದು ಸಂಪ್ರದಾಯ. ಕೊನೆಯಲ್ಲಿ ಹೇಳಿದ ಮಾತ್ರಕ್ಕೆ ಅದು ಸುಲಭವಾದುದೆಂದು ಭಾವಿಸಲಾಗದು. ಹಿಂಸೆ, ಅಸತ್ಯ, ಚೌರ್ಯಗಳನ್ನು ಮಾಡಿದವನಿಗೆ ತಾನು ಮಾಡಿದೆನೆಂಬ ಅರಿವು ಒಡನೆಯೇ ಉಂಟಾಗುತ್ತದೆ. ಪರಿಗ್ರಹವಾದರೋ ಸದ್ದಿಲ್ಲದೆ ಬೆಳೆಯತಕ್ಕದ್ದು. ಈ ವ್ರತವನ್ನು ಕುರಿತು ಬರೆಯುವ ನಾವೆಲ್ಲರೂ ಸಾಮಾನ್ಯವಾಗಿ ಮನೆ, ಹೊಲ, ಒಡವೆ, ದವಸಗಳುಳ್ಳ ಗೃಹಸ್ಥನನ್ನೇ ಕಣ್ಣ ಮುಂದಿಟ್ಟುಕೊಂಡು ಬರೆಯುತ್ತೇವೆ. ಮನೆಯೇ ಇಲ್ಲದೆ ಊರಿಂದೂರಿಗೆ ಸಂಚರಿಸುತ್ತ, ದುಡಿದು ಬದುಕುವವನಿಗೆ ಈ ವ್ರತ ಹೇಗೆ ಅನ್ವಯಿಸುತ್ತದೆ? ಅವನಲ್ಲಿ ವಸ್ತುಗಳು ಕಡಮೆಯೆಂಬ ಕಾರಣದಿಂದಲೇ ಅವನನ್ನು ವ್ರತಿಯೆನ್ನಬಹುದೇ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ, ಮನೆಯ ಹುಡುಗನೊಬ್ಬನಿಂದ ಬಂದುದು.

ಕಳೆದ ಭಾದ್ರಪದದ ದಶಲಕ್ಷಣ ಪರ್ವವನ್ನು ನಾನು ನಮ್ಮ ಹಿರಿಯರ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ ಕಳೆದೆನು. ಶುಕ್ಲ ತ್ರಯೋದಶಿಯಂದು, ಎಂದರೆ ಉತ್ತಮ ಆಕಿಂಚನ್ಯ ಧರ್ಮದ ದಿನ, ಬಸದಿಯಿಂದ ಹಿಂದಿರುಗಿದಾಗ ಅಣ್ಣನ ಮೊಮ್ಮಗ ಬಂದಿಳಿದಿದ್ದನು. ಇಪ್ಪತ್ತಾರು ವರ್ಷದ ಹುಡುಗ. ಗಣಕಯಂತ್ರಗಳಿಗೆ ಕಾರ್ಯಕ್ರಮ ಬರೆದುಕೊಡುವ ಉದ್ಯೋಗ. ಕಚೇರಿಗೆ ಹೋಗಬೇಕಾಗಿಲ್ಲ. ಎರಡು ತಿಂಗಳು ಗೋಕರ್ಣದಲ್ಲಿ, ಮುಂದಿನ ಎರಡು ತಿಂಗಳು ಹಿಮಾಚಲದ ಧರ್ಮಶಾಲಾದಲ್ಲಿ, ಹೀಗೆ ಬಾಡಿಗೆ ಕೋಣೆಗಳಲ್ಲಿದ್ದು ಕೆಲಸಮಾಡುತ್ತಾನೆ. ಇಂಥವರನ್ನು ಈಗ ಡಿಜಿಟಲ್ ಅಲೆಮಾರಿಗಳೆಂದು ಕರೆಯುತ್ತಾರಂತೆ. ಅವನು ಹೆಗಲ ಚೀಲವನ್ನು ಜಗಲಿಯ ಮೇಲಿಟ್ಟು ನಗುತ್ತ ಹೇಳಿದನು: “ತಾತ, ನನ್ನದು ಅಂತ ಇರೋದು ಇದೊಂದೇ ಚೀಲ. ಏಳು ಕಿಲೋ ತೂಕ. ವಿಮಾನದಲ್ಲಿ ಜೊತೆಗೆ ಇಟ್ಟುಕೊಳ್ಳೋಕೆ ಅಷ್ಟೇ ಬಿಡ್ತಾರೆ. ಬಸದಿಯಲ್ಲಿ ಇವತ್ತು ನೀವು ಆಕಿಂಚನ್ಯದ ಮೇಲೆ ಪ್ರವಚನ ಮಾಡಿದಿರಂತೆ. ಆ ಧರ್ಮಕ್ಕೆ ನಿಮಗಿಂತ ನಾನೇ ಹತ್ತಿರ ಇದ್ದೀನಲ್ಲವಾ?”

ಮಾತಿನಲ್ಲಿ ತುಂಟತನವಿತ್ತು, ಆದರೆ ಬರಿಯ ತುಂಟತನವಿರಲಿಲ್ಲ. ಅಂದು ಅವನೂ ಏಕಾಶನದಲ್ಲಿದ್ದನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಚೀಲವನ್ನು ಬಿಚ್ಚಿ ತೋರಿಸಿದನು. ಮೂರು ಜೊತೆ ಬಟ್ಟೆ, ಒಂದು ಹೊದಿಕೆ, ಲ್ಯಾಪ್‌ಟಾಪ್ ಮತ್ತು ಅದರ ತಂತಿಗಳು, ನೀರಿನ ಬಾಟಲಿ, ಒಂದು ಸ್ಟೀಲಿನ ತಟ್ಟೆ, ಜಪಸರ. ಮೂವತ್ತಾರು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನಾದ ನಾನು ಅಭ್ಯಾಸಬಲದಿಂದ ಕೂಡಲೇ ಉತ್ತರ ಕೊಡಲು ತೊಡಗಿದೆನು.

ಉತ್ತರ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸಲಿಲ್ಲ, ಮೂರ್ಛೆಯನ್ನು ಹೆಸರಿಸಿದರು. ‘ಇದು ನನ್ನದು’ ಎಂಬ ಮಮತ್ವವೇ ಮೂರ್ಛೆ. ಬಾಹ್ಯ ಪರಿಗ್ರಹಗಳು ಹತ್ತು, ಅಂತರಂಗ ಪರಿಗ್ರಹಗಳು ಹದಿನಾಲ್ಕು. ಕ್ಷೇತ್ರ, ವಾಸ್ತು, ಧನ, ಧಾನ್ಯ ಮೊದಲಾದವು ಹೊರಗಿನವು. ಮಿಥ್ಯಾತ್ವ, ನಾಲ್ಕು ಕಷಾಯಗಳು, ಹಾಸ್ಯ, ಭಯ, ಶೋಕಾದಿಗಳು ಒಳಗಿನವು. ಏಳು ಕಿಲೋ ಚೀಲದಲ್ಲಿ ಮೊದಲ ಹತ್ತರಲ್ಲಿ ಕೆಲವು ಹಿಡಿಸದೆ ಹೊರಗೆ ಉಳಿದಾವು; ಎರಡನೆಯ ಹದಿನಾಲ್ಕಕ್ಕೆ ಚೀಲವೇ ಬೇಕಿಲ್ಲ. ಹಾಗೆಂದು ಎಣಿಕೆಯನ್ನು ಅಲ್ಲಗಳೆಯುವಂತಿಲ್ಲ. ‘ನನಗೆ ಮೂರ್ಛೆಯಿಲ್ಲ, ಆದ್ದರಿಂದ ಹತ್ತು ಮನೆಗಳಿದ್ದರೂ ದೋಷವಿಲ್ಲ’ ಎನ್ನುವ ಶ್ರೀಮಂತರನ್ನು ನಾನೂ ಕಂಡಿದ್ದೇನೆ, ವಾಚಕರೂ ಕಂಡಿರಬಹುದು. ಆದ್ದರಿಂದಲೇ ಗೃಹಸ್ಥನಿಗೆ ಶಾಸ್ತ್ರಕಾರರು ಇಷ್ಟೇ ಎಂಬ ಮೇರೆಯನ್ನು ಮೊದಲೇ ಹಾಕಿಕೊಳ್ಳುವಂತೆ ವಿಧಿಸಿದರು. ಮೇರೆಯನ್ನು ಹಾಕಿದವರು ಯಾರೆಂಬುದು ಮುಖ್ಯ. ಹುಡುಗನ ಏಳು ಕಿಲೋ ಎಂಬ ಮೇರೆಯನ್ನು ಹಾಕಿದ್ದು ವಿಮಾನ ಸಂಸ್ಥೆ. ಅದು ನಾಳೆ ಹದಿನೈದು ಎಂದರೆ ಚೀಲವೂ ಬೆಳೆದೀತು.

ಇನ್ನೊಂದು ಸಂಗತಿಯನ್ನು ಅವನೇ ಒಪ್ಪಿಕೊಂಡನು. ಬರುವ ವರ್ಷ ಪೋರ್ಚುಗಲ್ ದೇಶಕ್ಕೆ ಹೋಗಬೇಕೆಂದು ಅವನ ಯೋಚನೆ. 2020ರಲ್ಲಿ ಎಸ್ಟೋನಿಯಾ, 2022ರಲ್ಲಿ ಪೋರ್ಚುಗಲ್ ಇಂತಹ ಸಂಚಾರಿ ಉದ್ಯೋಗಿಗಳಿಗಾಗಿಯೇ ವಿಶೇಷ ವೀಸಾಗಳನ್ನು ತೆರೆದವು. ಅವಕ್ಕೆ ಅರ್ಜಿ ಹಾಕುವವನು ತನ್ನ ಆದಾಯವನ್ನು ರುಜುವಾತುಪಡಿಸಬೇಕು. ಪೋರ್ಚುಗಲ್ಲಿನಲ್ಲಿ ಅದು ಅಲ್ಲಿಯ ಕನಿಷ್ಠ ವೇತನದ ನಾಲ್ಕು ಪಟ್ಟು. ಏನೂ ಇಲ್ಲದೆ ಸಂಚರಿಸಲು ಬಹಳ ಇದೆಯೆಂದು ಮೊದಲು ತೋರಿಸಬೇಕು! ಬೇಕಾದಾಗ ಬೇಕಾದುದನ್ನು ಕೊಳ್ಳಬಲ್ಲವನಿಗೆ ಹೊತ್ತು ತಿರುಗುವ ಅವಶ್ಯಕತೆಯೆಲ್ಲಿ? ಅವನ ಪಾತ್ರೆಪಡಗ ಬ್ಯಾಂಕಿನಲ್ಲಿದೆ.

ಬಡತನವಾದರೂ ವ್ರತವಾದೀತೇ ಎಂದರೆ ಅದೂ ಇಲ್ಲ. ಕವಿ ಬನಾರಸೀದಾಸರನ್ನು ಇಲ್ಲಿ ನೆನೆಯಬಹುದು. 1586ರಲ್ಲಿ ಜೌನ್‌ಪುರದ ಜೈನ ವರ್ತಕ ಕುಟುಂಬದಲ್ಲಿ ಹುಟ್ಟಿದ ಇವರು ಸರಕು ಹೊತ್ತು ಊರೂರು ಅಲೆದವರು. ತಮ್ಮ ಐವತ್ತೈದು ವರ್ಷಗಳ ಬಾಳನ್ನು 1641ರಲ್ಲಿ ‘ಅರ್ಧಕಥಾನಕ’ವೆಂಬ ಹೆಸರಿನಿಂದ ಪದ್ಯರೂಪದಲ್ಲಿ ಬರೆದಿಟ್ಟರು. ಯೌವನದಲ್ಲಿ ಆಗ್ರಾಕ್ಕೆ ವ್ಯಾಪಾರಕ್ಕೆ ಹೋಗಿ ಬಂಡವಾಳವನ್ನೆಲ್ಲ ಕಳೆದುಕೊಂಡು, ರಾತ್ರಿ ಹೊತ್ತು ನಾಲ್ಕು ಜನಕ್ಕೆ ಪ್ರೇಮಕಥೆಗಳನ್ನು ಓದಿ ಹೇಳುತ್ತ, ಕೇಳಲು ಬರುತ್ತಿದ್ದ ಕಚೋರಿ ಮಾರುವವನಲ್ಲಿ ತಿಂಗಳುಗಟ್ಟಲೆ ಸಾಲಕ್ಕೆ ಕಚೋರಿ ತಿಂದು ಕಾಲ ಕಳೆದರು. ಆಗ ಅವರಲ್ಲಿದ್ದ ವಸ್ತುಗಳು ನಮ್ಮ ಹುಡುಗನಲ್ಲಿರುವುದಕ್ಕಿಂತ ಕಡಮೆಯೇ. ಆದರೆ ಅದನ್ನು ಅವರು ತ್ಯಾಗವೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ, ಕಳೆದುಕೊಂಡೆನೆಂದೇ ಬರೆದರು. ಈ ಪ್ರಾಮಾಣಿಕತೆ ನನಗೆ ಬಹಳ ಪ್ರಿಯವಾದುದು. ಆ ಕಚೋರಿಯವನ ಹೊರೆಯನ್ನೂ ಅವರು ಮರೆಯಲಿಲ್ಲ.

ಇಷ್ಟು ಹೇಳಿ, ಮುನಿಗಳ ವಿಹಾರಕ್ಕೂ ಇವನ ಸಂಚಾರಕ್ಕೂ ಇರುವ ಅಂತರವನ್ನು ವಿವರಿಸಿದೆನು. ದಿಗಂಬರ ಮುನಿಗಳಿಗೆ ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ನಡಿಗೆ ಕಾಲಿನಿಂದಲೇ, ನೆಲವನ್ನು ನೋಡಿಕೊಂಡು. ಮಳೆಗಾಲದಲ್ಲಿ ಚಾತುರ್ಮಾಸ. ಅವರು ಊರು ಬಿಡುವುದು ಊರಿನಲ್ಲಿ ಮಮತ್ವ ಬೇರೂರಬಾರದೆಂದು; ಇವನು ಊರಿಗೆ ಹೋಗುವುದು ಅದನ್ನು ಅನುಭವಿಸಬೇಕೆಂದು. ಶ್ರಾವಕನಿಗೆ ದಿಗ್ವ್ರತವನ್ನು ಹೇಳಿದ್ದು ಸುಮ್ಮನೆಯಲ್ಲ. ಈ ನದಿಯಿಂದಾಚೆಗೆ, ಈ ಬೆಟ್ಟದಿಂದಾಚೆಗೆ ಹೋಗೆನು ಎಂದು ಗೆರೆ ಎಳೆದುಕೊಂಡವನಿಗೆ ಆಚೆಯ ಲೋಕದ ಮಟ್ಟಿಗೆ ಆಸೆಯೂ ಆರಂಭವೂ ನಿಲ್ಲುತ್ತವೆ. ವಸ್ತುಗಳನ್ನು ಬಿಟ್ಟು ಊರುಗಳನ್ನು ಕೂಡಿಹಾಕಿದರೆ ಸಂಗ್ರಹ ನಿಂತಂತಾಯಿತೇ?

(ಮುನಿಸಂಘದ ಹಿಂದೆ ಈಗ ಒಲೆ, ಪಾತ್ರೆ, ಡೇರೆ ತುಂಬಿದ ಶ್ರಾವಕರ ವಾಹನಗಳು ಹೋಗುವುದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ. ದಾರಿಯಲ್ಲಿ ಶ್ರಾವಕರ ಮನೆಗಳು ವಿರಳವಾದುದರಿಂದ ಹೀಗಾಗಿದೆಯೆಂಬುದನ್ನೂ ಬಲ್ಲೆ.)

ಚಳ್ಳಕೆರೆಯ ಕಡೆ ನಾನು ಉಪಾಧ್ಯಾಯನಾಗಿದ್ದಾಗ ಕುರಿಗಾಹಿಗಳನ್ನು ಹತ್ತಿರದಿಂದ ನೋಡಿದ್ದೆನು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ; ಹಿಕ್ಕೆ ಗಂಜಲಗಳು ಹೊಲಕ್ಕೆ ಗೊಬ್ಬರ; ಪ್ರತಿಯಾಗಿ ರೈತನಿಂದ ಕಾಳು ಅಥವಾ ಹಣ. ಕಂಬಳಿಯೊಂದೇ ಹಾಸಿಗೆ, ಹೊದಿಕೆ, ಮಳೆಗೆ ಗೊಪ್ಪೆ. ಅವರ ವೃತ್ತಿಯ ಕೊನೆ ಕಸಾಯಿಖಾನೆಯಲ್ಲಿದೆ, ಅದನ್ನು ನಮ್ಮ ಶ್ರಾವಕಾಚಾರ ಒಪ್ಪಲಾರದು. ಆದರೂ ತಂಗಿದ ಹೊಲಕ್ಕೆ ಏನನ್ನಾದರೂ ಬಿಟ್ಟು ಹೋಗುವ ಅವರ ಲೆಕ್ಕ ನನಗೆ ಸರಿಯೆನಿಸಿತ್ತು. ‘ನೀನು ಎರಡು ತಿಂಗಳಿದ್ದು ಹೊರಟ ಊರಿಗೆ ಏನನ್ನು ಬಿಟ್ಟು ಬರುತ್ತೀಯೆ?’ ಎಂದು ಕೇಳಿದೆನು.

ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ವಿನಯದಿಂದಲೇ ಹೇಳಿದನು: “ಬಾಡಿಗೆ ಬಿಟ್ಟರೆ ಏನೂ ಇಲ್ಲ ತಾತ, ನಿಜ. ಆದರೆ ನೀವು ಬಿಟ್ಟು ಹೋದದ್ದು ಇನ್ನೂ ಇಲ್ಲೇ ಇದೆ. ಆ ಕೋಣೇಲಿ.”

ಅವನು ತೋರಿಸಿದ್ದು ನಡುಮನೆಗೆ ಹೊಂದಿದ ಚಿಕ್ಕ ಕೋಣೆಯನ್ನು. ಇದನ್ನು ಬರೆಯುವುದು ಕಷ್ಟ, ಬರೆಯದಿದ್ದರೆ ಮೇಲಿನ ಮಾತುಗಳಿಗೆ ಬೆಲೆಯಿಲ್ಲ. ನನ್ನ ಸೇವಾವಧಿಯಲ್ಲಿ ಒಂಬತ್ತು ಸಲ ವರ್ಗವಾಯಿತು. ಪ್ರತಿ ಸಲವೂ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಡುಗೆಗೆ ನಾಲ್ಕು ಪಾತ್ರೆ, ಇಷ್ಟನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಸಂಸಾರಸಹಿತ ಹೊರಡುತ್ತಿದ್ದೆನು. ಸಹೋದ್ಯೋಗಿಗಳು ಲಾರಿ ಗೊತ್ತುಮಾಡುವಾಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆನು. ‘ಮೇಷ್ಟ್ರದು ನಿಜವಾದ ಪರಿಗ್ರಹ ಪರಿಮಾಣ’ ಎಂದು ಯಾರಾದರೂ ಹೇಳಿದರೆ ಬೇಡವೆನ್ನುತ್ತಿರಲಿಲ್ಲ. ಉಳಿದುದೆಲ್ಲವೂ, ಎಂದರೆ ಪುಸ್ತಕಗಳು, ಹೆಂಡತಿಯ ತವರಿನ ಹಿತ್ತಾಳೆ ಪಾತ್ರೆಗಳು, ಹಳೆಯ ಪತ್ರಿಕೆಗಳ ಕಟ್ಟುಗಳು, ಐದು ಕಬ್ಬಿಣದ ಪೆಟ್ಟಿಗೆಗಳಲ್ಲಿ ಅಣ್ಣನ ಮನೆಯ ಆ ಕೋಣೆಯಲ್ಲಿದ್ದವು. 2018ರಲ್ಲಿ ನಿವೃತ್ತನಾಗಿ ನಗರದಲ್ಲಿ ಮಗನ ಮನೆ ಸೇರಿದ ಮೇಲೂ ಅಲ್ಲಿಯೇ ಉಳಿದವು. ಆ ಕೋಣೆ ಅತ್ತಿಗೆಯವರದಾಗಬೇಕಾಗಿತ್ತು. ಮಂಡಿನೋವಿನ ಆ ಸಾಧ್ವಿ ಕಡೆಯವರೆಗೂ ನಡುಮನೆಯಲ್ಲಿ, ಬಂದುಹೋಗುವವರ ನಡುವೆ ಮಲಗಿದರು. 2021ರಲ್ಲಿ ತೀರಿಕೊಂಡರು.

ಹುಡುಗ ಆ ಮನೆಯಲ್ಲಿ ಬೆಳೆದವನು. ಅವನು ಹೇಳಿದ ಮೇಲೆಯೇ ನನಗೆ ತಿಳಿದುದು: ಗೆದ್ದಲು ಹತ್ತಬಾರದೆಂದು ಅತ್ತಿಗೆ ಪೆಟ್ಟಿಗೆಗಳನ್ನು ಇಟ್ಟಿಗೆಗಳ ಮೇಲೆ ಇರಿಸಿದ್ದರು, ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಪುಸ್ತಕಗಳನ್ನೆಲ್ಲ ಹೊರತೆಗೆದು ಬಿಸಿಲಿಗೆ ಹರವಿ, ಒಣಗಿದ ಬೇವಿನ ಎಲೆ ಹಾಕಿ ಮತ್ತೆ ಜೋಡಿಸುತ್ತಿದ್ದರು. ಎಲೆ ತರುವ ಕೆಲಸ ಅವನದಾಗಿತ್ತಂತೆ. ಹೀಗೆ ಮಾಡಿರೆಂದು ನಾನು ಎಂದೂ ಕೇಳಿಕೊಂಡವನಲ್ಲ. ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿದವನೂ ಅಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ. ಲೋಭದಿಂದ ಎತ್ತುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು, ಹೊರಲಾರದ ಹೊರೆಯನ್ನು ಅವುಗಳ ಮೇಲೆ ಹೇರುವುದು ಎಂದು ಅರ್ಥ. ಪಶುಗಳ ಮೇಲಿನ ಹೊರೆ ಅಹಿಂಸಾವ್ರತದಲ್ಲಿ ಸರಿ, ಪರಿಗ್ರಹದ ವ್ರತದಲ್ಲಿ ಏಕೆ ಬಂತು ಎಂದು ಹಿಂದೆ ಪಾಠಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಆ ಕಾಲದ ವರ್ತಕರು ಎತ್ತುಗಳ ಮೇಲೆ ಸರಕು ಹೇರುತ್ತಿದ್ದರು ಎಂದು ಹೇಳಿ ಮುಂದೆ ಸಾಗಿದ್ದೆನು. ಈಗ ಬೇರೆಯಾಗಿ ತೋರುತ್ತದೆ. ಒಬ್ಬನು ಎಷ್ಟು ಹೊಂದಿದ್ದಾನೆಂಬುದರ ಜೊತೆಗೇ ಅದನ್ನು ಯಾರು ಹೊರುತ್ತಿದ್ದಾರೆಂಬುದನ್ನೂ ಆಚಾರ್ಯರು ಕೇಳಿದ್ದಾರೆ. ಸಂಚಾರಿಗೆ ಈ ಪ್ರಶ್ನೆಯೇ ಮೊದಲನೆಯದಾಗಬೇಕು. ನಿಂತಲ್ಲಿ ನಿಂತವನ ಹೊರೆ ಅವನ ಕಣ್ಣೆದುರಿಗಿರುತ್ತದೆ. ನಡೆಯುವವನದು ಹಿಂದೆ ಉಳಿಯುತ್ತದೆ, ಕಾಣುವುದಿಲ್ಲ.

ಮರುದಿನ ಚತುರ್ದಶಿ, ನನಗೆ ಉಪವಾಸ. ಮಧ್ಯಾಹ್ನ ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ತೆರೆದೆವು. ಅತ್ತಿಗೆ ಹಾಕಿದ ಕೊನೆಯ ಬೇವಿನ ಎಲೆಗಳು ಪುಡಿಯಾಗಿದ್ದವು. ಒಂದೇ ವ್ಯಾಕರಣ ಗ್ರಂಥದ ಎರಡು ಪ್ರತಿಗಳು ಸಿಕ್ಕವು. ಇದೆಯೆಂಬುದನ್ನು ಮರೆತು ಇನ್ನೊಂದನ್ನು ಕೊಂಡಿರಬೇಕು. ಮೂರನೆಯ ಪೆಟ್ಟಿಗೆಯ ತಳದಲ್ಲಿ 1986ರಲ್ಲಿ ವ್ರತ ಸ್ವೀಕರಿಸಿದಾಗ ನಾನೇ ಬರೆದಿಟ್ಟ ಹಾಳೆಯಿತ್ತು. ಪಂಚೆ ಇಷ್ಟು, ಅಂಗಿ ಇಷ್ಟು, ಚಿನ್ನ ಇಷ್ಟು ತೊಲ, ನಗದು ಇಷ್ಟಕ್ಕೆ ಮೀರದಂತೆ, ಎಂದೆಲ್ಲ ಅಚ್ಚುಕಟ್ಟಾದ ಅಕ್ಷರಗಳಲ್ಲಿದೆ. ಆ ಪೆಟ್ಟಿಗೆಗಳ ಉಲ್ಲೇಖ ಅದರಲ್ಲಿಲ್ಲ.

ಪುಸ್ತಕಗಳನ್ನು ಬಸದಿಯ ಪಾಠಶಾಲೆಗೆ ಕೊಟ್ಟೆವು, ಪಾತ್ರೆಗಳನ್ನು ಸೊಸೆಯಂದಿರು ಹಂಚಿಕೊಂಡರು. ಅಣ್ಣ ಏನೂ ಹೇಳಲಿಲ್ಲ. ಖಾಲಿಯಾದ ಕೋಣೆಯ ಕಿಟಕಿಯನ್ನು ತೆರೆಯಲು ನೋಡಿದನು, ಅದು ಬಿಗಿದುಕೊಂಡಿತ್ತು. ಹುಡುಗ ಹೊರಡುವ ದಿನ ಒಂದು ಹಾಳೆ ಕೇಳಿ ಪಡೆದು ಜಗಲಿಯ ಮೇಲೆ ಕುಳಿತು ತನ್ನ ಪಟ್ಟಿಯನ್ನು ಬರೆಯತೊಡಗಿದನು. ಚೀಲದಲ್ಲಿರುವುದನ್ನು ಮೊದಲು ಬರೆಯುವನೆಂದು ತಿಳಿದಿದ್ದೆನು. ಅವನು ಬರೆದ ಮೊದಲ ಸಾಲು, ಅಟ್ಟದ ಮೇಲೆ ಎರಡು ರಟ್ಟಿನ ಪೆಟ್ಟಿಗೆ, ಎಂದಿತ್ತು. ಅವು ಅಲ್ಲಿರುವುದು ಅಣ್ಣನಿಗೂ ನೆನಪಿರಲಿಲ್ಲ.